ವಯರಿನ ಬೆಲೆ ಕಟ್ಟುವವರು ಯಾರು?

ಕಳೆದ ತಿಂಗಳು ನಮ್ಮ ಊರಿನ ಕೆಲವು ವರ್ತಕರು ಸಭೆ ಸೇರಿ, ಆನ್‌ಲೈನಿನಲ್ಲಿ ಸಾಮಾನು ತರಿಸುವವರು ಊರಿಗೆ ದ್ರೋಹ ಬಗೆಯುವವರೆಂದೂ ಅಂಥವರಿಗೆ ಅಂಗಡಿಗಳಲ್ಲಿ ಸಾಲ ಕೊಡಕೂಡದೆಂದೂ ಮಾತಾಡಿಕೊಂಡರು. ಎರಡು ದಿನ ಕಳೆಯುವಷ್ಟರಲ್ಲಿ ಗಿರಣಿಯ ಬಾಗಿಲಲ್ಲಿ ಇದಕ್ಕೆ ಉತ್ತರ ಹುಟ್ಟಿತು: "ಅಂಗಡಿಯವರೆಲ್ಲ ಕಳ್ಳರು, ಇನ್ನು ಉಪ್ಪು ಮೆಣಸಿನಕಾಯಿಯನ್ನೂ ಫೋನಿನಲ್ಲೇ ತರಿಸೋಣ." ಎರಡು ಕಡೆಯವರೂ ಈ ಪತ್ರಿಕೆಯ ವಾಚಕರು. ಎರಡು ಕಡೆಯವರೂ ನಮ್ಮ ಕಚೇರಿಗೆ ಬಂದು ಒಂದೇ ಪ್ರಶ್ನೆ ಕೇಳಿದ್ದಾರೆ: ನೀವು ಯಾರ ಕಡೆ? ಉತ್ತರ ಕೊಡದೆ ಜಾರಿಕೊಳ್ಳುವುದು ನಮಗೆ ಶೋಭಿಸುವುದಿಲ್ಲ.

ಈ ಜಗಳಕ್ಕೆ ಮೂಲ ಒಂದು ತುಂಡು ವಯರು. ನೂಲುವ ಖಾತೆಯ ಕಾರ್ಮಿಕರೊಬ್ಬರು ಟಿ.ವಿ.ಗೂ ಸೆಟ್‌ಟಾಪ್ ಪೆಟ್ಟಿಗೆಗೂ ನಡುವೆ ಹಾಕುವ ಎಚ್‌ಡಿಎಂಐ ಕೇಬಲ್ಲನ್ನು ಒಂದು ದೊಡ್ಡ ಷೋರೂಮಿನಲ್ಲಿ 1,400 ರೂಪಾಯಿ ಕೊಟ್ಟು ತಂದರು. ಪಿನ್ನಿಗೆ ಚಿನ್ನದ ಲೇಪವಿದೆ, ಚಿತ್ರ ಕಣ್ಣಿಗೆ ಕಟ್ಟಿದಂತೆ ಬರುತ್ತದೆ ಎಂದು ಅಲ್ಲಿ ಹೇಳಿದರಂತೆ. ಮನೆಗೆ ಬಂದ ಮೇಲೆ ಮಗಳು ಫೋನಿನಲ್ಲಿ ನೋಡಿದರೆ ಅಷ್ಟೇ ಉದ್ದದ, ಅದೇ ದರ್ಜೆಯ ಕೇಬಲ್ಲು 230 ರೂಪಾಯಿ! ಎರಡು ದಿನದ ದುಡಿಮೆ ಒಂದೂವರೆ ಮೀಟರು ವಯರಿನಲ್ಲಿ ಕರಗಿಹೋಯಿತು. ಆ ಮನುಷ್ಯನಿಗೆ ಸಿಟ್ಟು ಬಂದದ್ದು ನ್ಯಾಯವಲ್ಲವೆಂದು ಯಾರು ಹೇಳಬಲ್ಲರು?

ಇನ್ನೊಂದು ಕಥೆಯನ್ನೂ ಕೇಳಿರಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕ್ಯಾಮೆರಾ ಕೂರಿಸಿ ಹೊಟ್ಟೆ ಹೊರೆಯುವ ಸಣ್ಣ ವರ್ತಕರೊಬ್ಬರು 305 ಮೀಟರಿನ ಒಂದು ಪೆಟ್ಟಿಗೆ ಲ್ಯಾನ್ ಕೇಬಲ್ಲನ್ನು ಅರ್ಧ ಬೆಲೆಗೆ ಆನ್‌ಲೈನಿನಲ್ಲಿ ತರಿಸಿದರು. ಪೆಟ್ಟಿಗೆಯ ಮೇಲೆ "ಕ್ಯಾಟ್ 6" ಎಂದು ದಪ್ಪ ಅಕ್ಷರ. ಮೂರು ತಿಂಗಳಿಗೆ ಕ್ಯಾಮೆರಾಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ತುದಿ ಕೆರೆದು ನೋಡಿದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ಗಿರಾಕಿಯ ಗೋಡೆಯಿಂದ ಎಲ್ಲವನ್ನೂ ಕಿತ್ತು, ಕೈಯಿಂದ ದುಡ್ಡು ಹಾಕಿ ಬೇರೆ ವಯರು ಎಳೆದುಕೊಟ್ಟರು.

ಕಾರ್ಮಿಕನಿಗೆ ಮೋಸವಾದದ್ದು ಅಂಗಡಿಯಲ್ಲಿ, ಅಂಗಡಿಯವನಿಗೆ ಮೋಸವಾದದ್ದು ಆನ್‌ಲೈನಿನಲ್ಲಿ. ಇಷ್ಟಾದರೂ ಈ ಇಬ್ಬರು ಒಬ್ಬರನ್ನೊಬ್ಬರು ಕಳ್ಳ, ದ್ರೋಹಿ ಎಂದು ಬೈದಾಡುತ್ತಿದ್ದಾರೆ! ನಿಜವಾಗಿ ಲಾಭ ಹೊಡೆದವನು ಇಬ್ಬರ ಬೈಗುಳಕ್ಕೂ ಸಿಕ್ಕದೆ ದೂರ ಕುಳಿತಿದ್ದಾನೆ.

ಮೊದಲು ವಸ್ತುವಿನ ಗುಟ್ಟನ್ನು ತಿಳಿದುಕೊಳ್ಳೋಣ. ತಿಳಿಯದವನನ್ನು ಯಾರು ಬೇಕಾದರೂ ಸುಲಿಯಬಹುದು. ಎಚ್‌ಡಿಎಂಐ ಕೇಬಲ್ಲಿನಲ್ಲಿ ಹರಿಯುವುದು ಸೊನ್ನೆ ಮತ್ತು ಒಂದರ ಲೆಕ್ಕ. ಅಂಚೆಯಣ್ಣ ಕಾಗದವನ್ನು ರೇಷ್ಮೆಯ ಚೀಲದಲ್ಲಿ ತಂದರೂ ಗೋಣಿಚೀಲದಲ್ಲಿ ತಂದರೂ ಒಳಗೆ ಬರೆದ ಮಾತು ಒಂದೇ. ಚೀಲ ಹರಿದಿದ್ದರೆ ಕಾಗದ ದಾರಿಯಲ್ಲಿ ಬೀಳುತ್ತದೆ, ಅಷ್ಟೆ. ಅದೇ ರೀತಿ ಕೆಟ್ಟ ಕೇಬಲ್ಲಿನಲ್ಲಿ ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಮಾಯವಾಗುತ್ತದೆ. ಸರಿಯಾಗಿ ತಲುಪಿದ ಮೇಲೆ 230 ರೂಪಾಯಿಯ ಕೇಬಲ್ಲಿನ ಚಿತ್ರಕ್ಕೂ 1,400 ರೂಪಾಯಿಯ ಕೇಬಲ್ಲಿನ ಚಿತ್ರಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಚಿನ್ನದ ಲೇಪ ಪಿನ್ನು ಕಿಲುಬು ಹಿಡಿಯದಂತೆ ಕಾಯುತ್ತದೆ. ಚಿತ್ರಕ್ಕೆ ಬಣ್ಣ ಬಳಿಯುವುದಿಲ್ಲ. ನೋಡಬೇಕಾದದ್ದು ದರ್ಜೆಯನ್ನು: "ಪ್ರೀಮಿಯಂ ಹೈ ಸ್ಪೀಡ್" ಎಂದರೆ ಸೆಕೆಂಡಿಗೆ 18 ಗಿಗಾಬಿಟ್, 4ಕೆ ಟಿ.ವಿ.ಗೆ ಧಾರಾಳವಾಗಿ ಸಾಕು. "ಅಲ್ಟ್ರಾ ಹೈ ಸ್ಪೀಡ್" ಎಂದರೆ 48 ಗಿಗಾಬಿಟ್. ಈ ಎರಡಕ್ಕೂ ಪೊಟ್ಟಣದ ಮೇಲೆ ಫೋನಿನಿಂದ ಪರೀಕ್ಷಿಸುವ ಚೀಟಿ ಇರುತ್ತದೆ. ಉದ್ದ ಹೆಚ್ಚಾದಷ್ಟೂ ಕೇಬಲ್ಲಿನ ಗುಣ ಮುಖ್ಯವಾಗುತ್ತದೆ. ಒಂದೆರಡು ಮೀಟರಿಗೆ ಹೆದರಬೇಕಾದ್ದಿಲ್ಲ.

ಧ್ವನಿಯ ವಯರಿನ ಮಾತು ಬೇರೆ. ಮೈಕಿನ ವಯರಿಗೆ ಸುತ್ತಲೂ ಜಾಲರಿಯ ಹೊದಿಕೆ ಸರಿಯಾಗಿಲ್ಲದಿದ್ದರೆ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಸ್ಪೀಕರಿಗೆ ದೂರ ಎಳೆಯುವಾಗ ದಪ್ಪ ತಾಮ್ರ ಬೇಕು. ಆದರೆ ದಪ್ಪಕ್ಕೆ ದುಡ್ಡು ಕೊಡಿ. ಬಣ್ಣದ ಪೊಟ್ಟಣಕ್ಕೆ ಬೇಡ.

ಲ್ಯಾನ್ ಕೇಬಲ್ಲಿನಲ್ಲಿ ಎರಡೆರಡಾಗಿ ಹೊಸೆದ ನಾಲ್ಕು ಜೋಡಿ ತಂತಿಗಳಿರುತ್ತವೆ. "ಕ್ಯಾಟ್ 5ಇ" ದರ್ಜೆಯ ಕೇಬಲ್ಲು 100 ಮೀಟರಿನವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಮನೆಗೂ ಅಂಗಡಿಗೂ ಅಷ್ಟು ಸಾಕು. "ಕ್ಯಾಟ್ 8" ಎಂಬುದು ದೊಡ್ಡ ಕಂಪ್ಯೂಟರ್ ಕೋಠಿಗಳಲ್ಲಿ 30 ಮೀಟರಿನೊಳಗೆ ಬಳಸತಕ್ಕದ್ದು. ಅದನ್ನು ಎರಡು ಕೋಣೆಯ ಮನೆಗೆ ಮಾರುವವನು ಎತ್ತಿನ ಗಾಡಿಯವನಿಗೆ ರೈಲು ಕಂಬಿ ಮಾರಿದಂತೆ. ದರ್ಜೆ ಯಾವುದೇ ಇರಲಿ, ಒಳಗಿನ ತಂತಿ ಅಚ್ಚ ತಾಮ್ರದ್ದೇ ಆಗಿರಬೇಕೆಂಬುದು ಈ ದರ್ಜೆಗಳ ನಿಯಮ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿ ಈ ದರ್ಜೆಯ ಹೆಸರನ್ನೇ ಹೊರುವಂತಿಲ್ಲ. ಅಲ್ಯೂಮಿನಿಯಂ ವಿದ್ಯುತ್ತನ್ನು ಒಯ್ಯುವುದು ತಾಮ್ರದ ಸುಮಾರು ಶೇಕಡಾ 60ರಷ್ಟು ಮಾತ್ರ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಕ್ಯಾಮೆರಾಕ್ಕೆ ವಿದ್ಯುತ್ತು ಅದೇ ವಯರಿನಲ್ಲಿ ಹೋಗುವ ಕಡೆ ಬಿಸಿಯಾಗುತ್ತದೆ. ಕಂಡುಹಿಡಿಯಲು ಯಂತ್ರ ಬೇಕಿಲ್ಲ: ಬ್ಲೇಡಿನಿಂದ ಕೆರೆಯಿರಿ, ಬೆಳ್ಳಗೆ ಕಂಡರೆ ಮೋಸ. ಪೆಟ್ಟಿಗೆ ಎತ್ತಿ ನೋಡಿರಿ, ಹಗುರಾಗಿದ್ದರೆ ಸಂಶಯ ಪಡಿರಿ. ಅಲ್ಯೂಮಿನಿಯಂ ತೂಕ ತಾಮ್ರದ ಮೂರನೆಯ ಒಂದು ಪಾಲಿಗಿಂತ ಕಡಿಮೆ.

ಇನ್ನು ಬೆಲೆಯ ವಿಚಾರ. 230 ರೂಪಾಯಿಗೆ ಮಾರಿಯೂ ಲಾಭ ಮಾಡಬಹುದಾದ ವಸ್ತುವಿನ ಮೇಲೆ 1,400 ಎಂದು ಅಚ್ಚು ಹಾಕಲು ಅಪ್ಪಣೆ ಕೊಟ್ಟವರು ಯಾರು? ಗರಿಷ್ಠ ಮಾರಾಟ ಬೆಲೆಯನ್ನು ತಯಾರಕನೇ ಬರೆದುಕೊಳ್ಳುತ್ತಾನೆ. ಬರೆದದ್ದಕ್ಕಿಂತ ಹೆಚ್ಚಿಗೆ ಮಾರಿದರೆ ಅಪರಾಧ. ಎಷ್ಟು ಬರೆದರೂ ಅಪರಾಧವಲ್ಲ! ಷೋರೂಮಿನವನು ಆ ಬೆಲೆ ತೋರಿಸಿ ಸುಲಿಯುತ್ತಾನೆ. ಆನ್‌ಲೈನಿನವನು ಅದೇ ಬೆಲೆಗೆ ಗೀಟು ಎಳೆದು "ಶೇಕಡಾ 80 ರಿಯಾಯಿತಿ" ಎಂದು ಡಂಗುರ ಹೊಡೆಯುತ್ತಾನೆ. ಸುಳ್ಳು ಒಂದೇ, ಹೇಳುವ ಬಾಯಿ ಎರಡು. ಡಾ. ಲೋಹಿಯಾ ಅವರು "ದಾಮ್ ಬಾಂಧೋ" ಎಂದು ಬೆಲೆ ಕಟ್ಟುವ ನೀತಿಯನ್ನು ಮುಂದಿಟ್ಟಾಗ, ಕಾರ್ಖಾನೆಯ ವಸ್ತುವಿನ ಮಾರಾಟದ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂದರು. ಅದು ಆಗದ ಮಾತೆಂದು ನಕ್ಕವರು ಇಂದು ಈ ವಯರನ್ನು ಕೈಯಲ್ಲಿ ಹಿಡಿದು ನೋಡಲಿ.

ಆನ್‌ಲೈನ್ ಸಂತೆಗಳು ಬಡವರ ಬಂಧುಗಳೆಂದು ನಂಬುವ ನಮ್ಮ ತರುಣ ಸಂಗಾತಿಗಳಿಗೂ ಒಂದು ಮಾತು. ವಿದೇಶೀ ಬಂಡವಾಳದ ಸಂತೆಗಳು ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದೆಂದು ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ನಿಯಮ ಹೊರಡಿಸಿತು. ದೆಹಲಿಯ ವರ್ತಕರ ದೂರಿನ ಮೇಲೆ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕಂಪೆನಿಗಳ ಮೇಲೆ ತನಿಖೆಗೆ ಆಜ್ಞೆ ಮಾಡಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಕಂಪೆನಿಗಳ ಅರ್ಜಿಗಳು ವಜಾ ಆದದ್ದು 2021ರ ಜೂನಿನಲ್ಲಿ. ವಕೀಲರನ್ನು ಸಾಲಾಗಿ ನಿಲ್ಲಿಸಬಲ್ಲವನಿಗೆ ಒಂದೂವರೆ ವರ್ಷ ಒಂದು ಗಳಿಗೆ. ದಿನದ ವ್ಯಾಪಾರದಲ್ಲಿ ಸಂಜೆಯ ಅಕ್ಕಿ ಕೊಳ್ಳುವ ಅಂಗಡಿಯವನಿಗೆ ಒಂದೂವರೆ ವರ್ಷವೆಂದರೆ ಬಾಗಿಲು ಮುಚ್ಚುವ ಕಾಲ. ಎಲ್ಲ ಸಣ್ಣ ಅಂಗಡಿಗಳೂ ಮುಚ್ಚಿದ ಮೇಲೆ 230 ರೂಪಾಯಿಯ ಕೇಬಲ್ಲು 230ಕ್ಕೇ ನಿಲ್ಲುವುದೆಂದು ಯಾರಾದರೂ ಬರೆದುಕೊಡುವರೇ?

ಆ ಪೊಟ್ಟಣವನ್ನು ನಿಮ್ಮ ಬಾಗಿಲಿಗೆ ತರುವ ಹುಡುಗ ಯಾರು? ನಿನ್ನೆ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕನ ಮಗನೇ. ಪೆಟ್ರೋಲು ಅವನದು, ಬೈಕು ಅವನದು, ಬಿದ್ದರೆ ಕಾಲೂ ಅವನದೇ. ಇಂಥವರ ಕ್ಷೇಮಕ್ಕಾಗಿ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಅವರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪೆನಿಗಳು ಕ್ಷೇಮನಿಧಿಗೆ ಕಟ್ಟಬೇಕು. ಕಾನೂನು ಕಾಗದದಿಂದ ಇಳಿದು ಆ ಹುಡುಗನ ಕೈಗೆ ಬರಬೇಕಾದರೆ ಸಂಘ ಬೇಕು.

ವರ್ತಕ ಬಂಧುಗಳಿಗೂ ನಿಷ್ಠುರವಾಗಿ ಹೇಳುತ್ತೇವೆ. ಅಗ್ಗವಾಗಿ ಸಿಕ್ಕುವಲ್ಲಿ ಕೊಳ್ಳುವ ಕಾರ್ಮಿಕನು ದ್ರೋಹಿಯಲ್ಲ. ನೀವೂ ಸಗಟು ಮಂಡಿಯಲ್ಲಿ ಅಗ್ಗ ಹುಡುಕುವವರೇ ಅಲ್ಲವೇ? ಸಾಲ ನಿಲ್ಲಿಸುತ್ತೇವೆಂಬ ಬೆದರಿಕೆ ಜಮೀನುದಾರನ ಭಾಷೆ; ಅದು ನಿಮ್ಮ ಬಾಯಲ್ಲಿ ಒಪ್ಪುವುದಿಲ್ಲ. ಮುಷ್ಕರದ ದಿನಗಳಲ್ಲಿ ಕಡ ಕೊಟ್ಟು ಗಿರಣಿಯವರ ಒಲೆ ಉರಿಸಿದವರು ನೀವು. ಷೋರೂಮಿನ ಮಾಲೀಕನ ಪಕ್ಕದ ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಅವನ ಲಾಭ ನಿಮ್ಮದಾಗುವುದಿಲ್ಲ.

ಆದಕಾರಣ ನಮ್ಮ ಬೇಡಿಕೆಗಳು ಇವು. ಕೇಬಲ್ಲಿನ ಪ್ರತಿ ಪೆಟ್ಟಿಗೆಯ ಮೇಲೆ ಒಳಗಿನ ತಂತಿ ಯಾವ ಲೋಹದ್ದೆಂದು ಅಚ್ಚು ಹಾಕುವುದು ಕಡ್ಡಾಯವಾಗಲಿ. ಕಾನೂನು ಮಾಪನ ಇಲಾಖೆಯವರು ತಕ್ಕಡಿ ಕಲ್ಲಿಗೆ ಮುದ್ರೆ ಒತ್ತಿದಷ್ಟಕ್ಕೇ ನಿಲ್ಲದೆ, ಈ ಪೆಟ್ಟಿಗೆಗಳನ್ನೂ ಬಿಚ್ಚಿ ಉದ್ದ ಅಳೆಯಲಿ. ಗೀಟು ಎಳೆದ ಬೆಲೆಗೆ ಆ ವಸ್ತು ನಿಜವಾಗಿ ಯಾವಾಗ ಮಾರಾಟವಾಗಿತ್ತೆಂದು ಆನ್‌ಲೈನಿನವನು ತೋರಿಸಲಿ. ಮೋಸ ಹೋದವರು ಸುಮ್ಮನಿರಬೇಡಿ: 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳಲ್ಲಿ ಪರಿಹರಿಸಬೇಕು. ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915.

ಬೇಡಿಕೆಯಷ್ಟೇ ಸಾಲದು, ಕೆಲಸವೂ ಬೇಕು. ಊರಿನ ವಯರು, ರೇಡಿಯೋ, ಕ್ಯಾಮೆರಾ ಅಂಗಡಿಗಳ ಸಣ್ಣ ವರ್ತಕರು ಒಂದು ಸಹಕಾರ ಸಂಘ ಕಟ್ಟಲಿ. ಒಬ್ಬೊಬ್ಬರೇ ಹತ್ತು ಕೇಬಲ್ಲು ಕೊಂಡರೆ ದಲ್ಲಾಳಿ ಹೇಳಿದ್ದೇ ಬೆಲೆ. ಮೂವತ್ತು ಅಂಗಡಿ ಸೇರಿ ತಯಾರಕನಿಂದಲೇ ತರಿಸಿದರೆ ಆನ್‌ಲೈನಿನ ಬೆಲೆಗೆ ಹತ್ತಿರ ಬರಬಹುದು. ಕೊಂಡ ಬೆಲೆ, ಮಾರುವ ಬೆಲೆ ಎರಡನ್ನೂ ಹಲಗೆಯ ಮೇಲೆ ಬರೆಯಿರಿ. ಕೆರೆದು ತೋರಿಸಿ, ಅಳೆದು ಕೊಡಿ, ಕೆಟ್ಟರೆ ಬದಲಾಯಿಸಿ. ಇಷ್ಟು ಮಾಡಿದ ಅಂಗಡಿಯಲ್ಲೇ ಕೊಳ್ಳಿರೆಂದು ಗಿರಣಿ ಬಾಗಿಲಲ್ಲಿ ನಿಂತು ಹೇಳುವ ಹೊಣೆ ನಮ್ಮದು. ಹತ್ತು ಇಪ್ಪತ್ತು ರೂಪಾಯಿ ಹೆಚ್ಚಾದರೂ ಕಾರ್ಮಿಕರು ಅದನ್ನು ನಷ್ಟವೆಂದು ಬಗೆಯಬಾರದು. ಮುಂದಿನ ಮುಷ್ಕರದಲ್ಲಿ ಕಡ ಕೊಡುವ ಅಂಗಡಿ ಫೋನಿನೊಳಗೆ ಇರುವುದಿಲ್ಲ.

ನಾವು ಯಾರ ಕಡೆ ಎಂಬುದಕ್ಕೆ ಇದೇ ಉತ್ತರ. ಬರುವ ಭಾನುವಾರ ಸಂಜೆ ಐದಕ್ಕೆ ಕಾರ್ಮಿಕ ಸಂಘದ ಕಚೇರಿಯಲ್ಲಿ ಎರಡು ಕಡೆಯವರೂ ಸೇರತಕ್ಕದ್ದು. ಮನೆಯಲ್ಲಿರುವ, ಅಂಗಡಿಯಲ್ಲಿರುವ ಒಂದೊಂದು ತುಂಡು ವಯರನ್ನೂ ಅದರ ರಸೀತಿಯನ್ನೂ ತನ್ನಿರಿ. ಬ್ಲೇಡು ನಾವು ತರುತ್ತೇವೆ.