ಕೇರಾಫ್ ಅತ್ತಿ ಮನೆ

ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬಂದು ಓದುವ ಹುಡುಗಿಯೊಬ್ಬಳು ಪ್ರವೇಶ ಪರೀಕ್ಷೆಯ ಪುಸ್ತಕಗಳನ್ನು ತರಿಸಬೇಕಾಗಿದೆ ಎಂದುಕೊಳ್ಳಿ. ಹುಮನಾಬಾದ್ ರಸ್ತೆಯ ಆ ಊರು ಸುಮಾರು 35 ಕಿ.ಮೀ. ದೂರ. ಬೆಳಿಗ್ಗೆ ಬಿಟ್ಟ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅವ್ವ, ಅಪ್ಪ ಹೊಲದಲ್ಲಿ, ಮನೆಗೆ ಬೀಗ. ಹಾಗಾಗಿ ಪಾರ್ಸಲ್ಲಿಗೆ ಕೊಟ್ಟ ವಿಳಾಸ ಸೇಡಂ ರಸ್ತೆಯಲ್ಲಿರುವ ಅತ್ತಿಯ ಅಪಾರ್ಟ್‌ಮೆಂಟಿನದು.

ಪಾರ್ಸಲ್ ಬಂದ ದಿನವೇ ಅತ್ತಿ ಮದುವೆಗೆಂದು ಪರಊರಿಗೆ ಹೋಗಿದ್ದಾರೆ. ಹುಡುಗಿ ತರಗತಿಯಲ್ಲಿ, ಫೋನು ಬಂದ್. ಪಾರ್ಸಲ್ ತಂದ ಹುಡುಗ ಗೇಟಿನಲ್ಲಿ ಹೆಸರು ಓದಿ ಹೇಳುತ್ತಾನೆ, ವಾಚ್‌ಮನ್ ತನ್ನ ಪಟ್ಟಿ ನೋಡುತ್ತಾನೆ. ಆ ಹೆಸರಿನವರು ಅಲ್ಲಿ ಯಾರೂ ಇಲ್ಲ. ಸಂಜೆ ಹುಡುಗಿ ಓಡಿ ಬಂದು, ‘ಕಾಕಾ, ನಂದೊಂದು ಪಾರ್ಸಲ್ ಬಂದದೇನ್ರೀ?’ ಎಂದರೆ ಉತ್ತರ ಸಿದ್ಧವಾಗಿದೆ: ‘ಬಂದಿತ್ತವಾ, ವಾಪಸ್ ಹೋಯ್ತು. ನಿನ್ನ ಹೆಸರು ನನಗ್ಯಾರು ಹೇಳ್ಯಾರ?’

ವಾಚ್‌ಮನ್‌ನದು ತಪ್ಪೆನ್ನಲು ಬಾರದು. ಗುರುತಿಲ್ಲದವರ ಗಂಟು ಇಟ್ಟುಕೊಂಡು, ನಾಳೆ ಅದರಲ್ಲಿ ಏನೋ ಕಡಿಮೆಯಾಯಿತೆಂದರೆ ಮಾತು ಕೇಳಬೇಕಾದವನು ಅವನೇ. ಬಹುಪಾಲು ಕಟ್ಟಡಗಳಲ್ಲಿ ಅವನ ಕೆಲಸ ಗೇಟು, ನೀರಿನ ಮೋಟಾರು, ವಾಹನಗಳ ಕಾವಲು; ಪಾರ್ಸಲ್ ಹಿಡಿಯುವುದು ಉಪಕಾರದ ಲೆಕ್ಕ. ಅದೂ ಅಲ್ಲಿ ವಾಸವಿಲ್ಲದವರಿಗೆ! ಕೆಲವರು ಹಣ ಕೊಟ್ಟು ಬಿಡಿಸಿಕೊಳ್ಳುವ ಪಾರ್ಸಲ್ಲನ್ನೂ ತರಿಸಿ, ‘ಕಾಕಾ, ಈಗ ನೀವ್ ಕೊಟ್ಟಿರ್ರಿ, ಸಂಜಿಗಿ ಕೊಡ್ತೀನಿ’ ಎಂದು ಫೋನಿನಲ್ಲಿ ಹೇಳುವುದುಂಟು. ಇದು ಮಾತ್ರ ಯಾರೂ ಮಾಡಬಾರದ ಕೆಲಸ.

ಅತ್ತಿ ಒಪ್ಪಿದರೆ ಸಾಲದು, ಗೇಟಿಗೂ ತಿಳಿದಿರಬೇಕು. ವಿಳಾಸದಲ್ಲಿ ಹುಡುಗಿಯ ಹೆಸರಿನ ಕೆಳಗೆ ‘ಕೇರಾಫ್’ ಎಂದು ಬರೆದು ಅತ್ತಿಯ ಹೆಸರು, ಫ್ಲ್ಯಾಟ್ ಸಂಖ್ಯೆ, ಮಹಡಿ ಬರೆಯಬೇಕು. ಬರೀ ಕಟ್ಟಡದ ಹೆಸರು ಕೊಟ್ಟರೆ ನಲವತ್ತು ಮನೆಗಳಲ್ಲಿ ಯಾವುದೆಂದು ಹುಡುಕುವವರಾರು? ಹುಡುಗಿಯ ಹೆಸರು, ಫೋನ್ ನಂಬರು, ಪಾರ್ಸಲ್ ಬರಬಹುದಾದ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅತ್ತಿಯೇ ಮೊದಲೇ ವಾಚ್‌ಮನ್ ಕೈಗೆ ಕೊಟ್ಟಿದ್ದರೆ ಪುಸ್ತಕ ವಾಪಸ್ ಹೋಗುತ್ತಿರಲಿಲ್ಲ.

ಇನ್ನು ಒಟಿಪಿಯ ತೊಡಕು. ಆ ಅಂಕಿ ಬರುವುದು ಹುಡುಗಿಯ ಫೋನಿಗೆ, ಪಾರ್ಸಲ್ ಇರುವುದು ಗೇಟಿನಲ್ಲಿ. ಒಟಿಪಿ ಕೇಳುವ ಪಾರ್ಸಲ್ ಇದ್ದರೆ, ಆ ದಿನ ಮನೆಯಲ್ಲಿರುವವರ ನಂಬರನ್ನೇ ಕೊಡುವುದು ಲೇಸು. ಪಾರ್ಸಲ್ ಕಣ್ಣೆದುರು ಬಂದ ಮೇಲಷ್ಟೇ ಆ ಅಂಕಿ ಹೇಳಬೇಕೆಂದು ಅವರಿಗೂ ತಿಳಿಸಿರಬೇಕು. ‘ನಿಮ್ಮ ಪಾರ್ಸಲ್ ತಡೆದಿದೆ, ಒಟಿಪಿ ಹೇಳಿ’ ಎಂದು ಎಲ್ಲಿಂದಲೋ ಕರೆ ಮಾಡಿ ಬ್ಯಾಂಕಿನ ಹಣಕ್ಕೆ ಕೈ ಹಾಕುವವರಿದ್ದಾರೆ.

ಪುಸ್ತಕ ಹೋದರೆ ಮತ್ತೊಂದು ತರಿಸಬಹುದು. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಹೋದರೆ? ಅಂಥವನ್ನು ಗೇಟಿನ ನಂಬಿಕೆಗೆ ಬಿಡಬಾರದು. ರಿಜಿಸ್ಟರ್ಡ್ ಪೋಸ್ಟನ್ನು ಅಂಚೆ ಇಲಾಖೆ 2025ರ ಸೆಪ್ಟೆಂಬರ್ 1ರಂದು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿತು. ಅಕ್ಟೋಬರ್ 1ರ ಹೊಸ ದರಪಟ್ಟಿಯಂತೆ, 5 ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚಿಗೆ ಕೊಟ್ಟು ‘ನೋಂದಣಿ’ ಕೇಳಿದರೆ ಲಕೋಟೆ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಸಲ್ಲುತ್ತದೆ. ಒಟಿಪಿ ಬಟವಾಡೆಗೂ ಅಷ್ಟೇ ದರ. ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟ್ ದರದಲ್ಲಿ ಶೇ. 10 ರಿಯಾಯಿತಿಯನ್ನೂ ಆಗಲೇ ಪ್ರಕಟಿಸಲಾಯಿತು. ನೋಂದಣಿ ಮಾಡಿಸಿದರೆ ಅತ್ತಿಯ ಹೆಸರಿಗೆ ಅಧಿಕಾರ ಪತ್ರವನ್ನೂ ಬರೆದಿಟ್ಟಿರಬೇಕು. ಇಲ್ಲವಾದರೆ ಅದೇ ಕಟ್ಟುನಿಟ್ಟು ತಿರುಗುಬಾಣವಾದೀತು.

ಇಷ್ಟೆಲ್ಲ ರಗಳೆ ಬೇಡ, ಊರಿಗೇ ತರಿಸೋಣ ಎನ್ನುವ ತಂದೆತಾಯಿಯರೂ ಇದ್ದಾರೆ. ಕಮಲಾಪುರಕ್ಕೀಗ ತಾಲ್ಲೂಕು ಕೇಂದ್ರದ ಪಟ್ಟ, ಅಂಚೆ ಕಚೇರಿಯೂ ಇದೆ. ಆದರೆ ಹಂಪಿಯ ಪಕ್ಕದಲ್ಲಿ ಇನ್ನೊಂದು ಕಮಲಾಪುರ ಇರುವುದನ್ನು ಮರೆಯಬಾರದು. ಅದರ ಪಿನ್ 583221, ಕಲಬುರಗಿ ಜಿಲ್ಲೆಯದು 585313. 1972ರ ಆಗಸ್ಟ್ 15ರಂದು ಪಿನ್ ಸಂಖ್ಯೆ ಜಾರಿಗೆ ಬಂದದ್ದೇ ಒಂದೇ ಹೆಸರಿನ ಊರುಗಳ ಇಂಥ ಗೊಂದಲ ತಪ್ಪಿಸಲು. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆಯ ಕಚೇರಿಯನ್ನೂ ಸೂಚಿಸುತ್ತವೆ. ಪಿನ್ ತಪ್ಪಿದರೆ ಕೆಂಪು ಬಾಳೆಯ ಊರಿಗೆ ಬರಬೇಕಾದ ಪುಸ್ತಕ ತುಂಗಭದ್ರೆಯ ಸೀಮೆ ಸುತ್ತಿ ಬಂದೀತು.

ಹುಡುಗಿ ಎರಡನೇ ಸಲ ಪುಸ್ತಕ ತರಿಸುವಾಗ ಚೀಟಿ ಗೇಟಿನಲ್ಲಿರಲಿ. ಊರಿನಿಂದ ಬರುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಅತ್ತಿಗೆ, ಇನ್ನೊಂದು ವಾಚ್‌ಮನ್ ಕಾಕಾನಿಗೆ.