ಡೆಬಿಟ್ ಕಾರ್ಡಿನ ಪರ ವಕಾಲತ್ತು

ವಿದೇಶಕ್ಕೆ ಹೋಗುವವರು ತಮ್ಮ ಬ್ಯಾಂಕಿನ ಡೆಬಿಟ್ ಕಾರ್ಡನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು ಹೋಗಬೇಕಿಲ್ಲ. ಪ್ರವಾಸಕ್ಕೆಂದೇ ಬೇರೆ ಉಳಿತಾಯ ಖಾತೆ ತೆರೆದು, ಬೇಕಾದಷ್ಟೇ ದುಡ್ಡು ಅದಕ್ಕೆ ಹಾಕಿ, ಆ ಖಾತೆಯ ಕಾರ್ಡನ್ನು ಜೇಬಿಗಿಳಿಸಿ ಎಂದು ಬರೆದಿದ್ದೆ. ಮೆಚ್ಚಿ ಬರೆದವರು ಇಬ್ಬರೇ. ಅವರಲ್ಲೊಬ್ಬ ನನ್ನ ಭಾವಮೈದುನ, ಹಾಗಾಗಿ ಲೆಕ್ಕಕ್ಕಿಲ್ಲ. ಉಳಿದವರೆಲ್ಲ ತರಾಟೆಗೆ ತೆಗೆದುಕೊಂಡಿದ್ದಾರೆ. ಸಾಲಾಗಿ ಉತ್ತರ ಕೊಡುತ್ತೇನೆ; ಸೋತ ಕಡೆ ಸೋತೆ ಎಂದೂ ಹೇಳುತ್ತೇನೆ.

ಮೊದಲು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು. “ಕರೆನ್ಸಿ ಬದಲಿಸಿದ್ದಕ್ಕೆ ನೂರಕ್ಕೆ ಮೂರೂವರೆ ಮಾರ್ಕಪ್, ಅದರ ಮೇಲೆ ಜಿಎಸ್‌ಟಿ, ದುಡ್ಡು ತೆಗೆದಾಗಲೆಲ್ಲ ನೂರೈವತ್ತು ರೂಪಾಯಿ. ಇದು ಕಾರ್ಡಲ್ಲ ಸ್ವಾಮಿ, ಜಿಗಣೆ” ಎನ್ನುತ್ತಾರೆ. ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ, ಬಹಳಷ್ಟು ಬ್ಯಾಂಕುಗಳಲ್ಲಿ ಇರುವುದೇ ಹೀಗೆ. ಅವರು ಒಂದನ್ನು ಬಿಟ್ಟರು, ಅದನ್ನೂ ನಾನೇ ಸೇರಿಸುತ್ತೇನೆ: ಅಲ್ಲಿನ ಎಟಿಎಂ ಕೂಡ ತನ್ನ ಪಾಲು ಕೀಳುತ್ತದೆ. ಥಾಯ್ಲೆಂಡಿನಲ್ಲಿ ಹೊರದೇಶದ ಕಾರ್ಡಿಗೆ ಒಂದು ಸಲಕ್ಕೆ 220 ಬಾಟ್, ಈಚೆಗೆ ಕೆಲವು ಕಡೆ ಅದಕ್ಕೂ ಹೆಚ್ಚು. ಲೆಕ್ಕ ಸುಲಭವಾಗಲೆಂದು ಬಾಟ್‌ಗೆ ಎರಡೂವರೆ ರೂಪಾಯಿ ಅಂತ ಇಟ್ಟುಕೊಳ್ಳೋಣ. ಹತ್ತು ಸಾವಿರ ಬಾಟನ್ನು ದಿನಕ್ಕೆ ಎರಡು ಸಾವಿರದಂತೆ ಐದು ಸಲ ತೆಗೆದರೆ ಅಲ್ಲಿನ ಮೆಷಿನ್ನಿಗೆ 2,750 ರೂಪಾಯಿ, ಇಲ್ಲಿನ ಬ್ಯಾಂಕಿಗೆ ತೆರಿಗೆ ಸೇರಿ 885, ಮಾರ್ಕಪ್ ಸಾವಿರದ ಮೂವತ್ತೆರಡು. ಒಟ್ಟು 4,667. ಅದೇ ಹತ್ತು ಸಾವಿರವನ್ನು ಒಂದೇ ಸಲ ತೆಗೆದರೆ ಸುಮಾರು 1,760. ನಡುವಿನ 2,900 ರೂಪಾಯಿಯನ್ನು ಯಾವ ಜಿಗಣೆಯೂ ಹೀರಲಿಲ್ಲ; ದಿನಾ ಬೆಳಗ್ಗೆ ಹಾಲಿನಂಗಡಿಗೆ ಹೋದ ಹಾಗೆ ಎಟಿಎಂಗೆ ಹೋಗುವ ನಮ್ಮ ಅಭ್ಯಾಸ ತಿಂದದ್ದು ಅದು. ಮಾರ್ಕಪ್ಪೇ ಇಲ್ಲದ ಡೆಬಿಟ್ ಕಾರ್ಡುಗಳನ್ನೂ ಕೆಲವು ಬ್ಯಾಂಕುಗಳು ಈಗ ಕೊಡುತ್ತಿವೆ. ಅಂಥದ್ದಾದರೆ ಒಂದೇ ಸಲ ತೆಗೆದ ಆ ಹತ್ತು ಸಾವಿರ ಬಾಟ್‌ಗೆ, ಅಂದರೆ ಇಪ್ಪತ್ತೈದು ಸಾವಿರ ರೂಪಾಯಿಗೆ, ಖರ್ಚು ಏಳುನೂರ ಚಿಲ್ಲರೆ.

ಆದರೂ ಒಂದು ಮಾತು ಒಪ್ಪಬೇಕು. ಬ್ಯಾಂಕಾಕಿಗೆ ಮಾತ್ರ ಹೋಗುವವರು ಗರಿಗರಿ ನೂರು ಡಾಲರಿನ ನೋಟು ಒಯ್ದು ಪೇಟೆಯ ಅಂಗಡಿಗಳಲ್ಲಿ ಬದಲಾಯಿಸಿದರೆ ನನ್ನ ಕಾರ್ಡಿಗಿಂತ ಲಾಭ ಸಿಗಬಹುದು. ಆ ಲಾಭವನ್ನು ಸೊಂಟಕ್ಕೆ ಕಟ್ಟಿಕೊಂಡು ಸಮುದ್ರಕ್ಕಿಳಿಯುವುದು ಹೇಗೆ ಎಂಬುದನ್ನು ಅಧಿಕಾರಿಗಳೇ ಹೇಳಬೇಕು.

ನಿಜವಾಗಿ ಚರ್ಮ ಸುಲಿಯುವ ಖರ್ಚೊಂದಿದೆ. ಅದನ್ನು ಒಬ್ಬರೂ ಎತ್ತಲಿಲ್ಲ, ನಾನೂ ಹಿಂದೆ ಬರೆಯಲಿಲ್ಲ. ನಾಚಿಕೆ ಕಾರಣ. ಪ್ರಾಗ್‌ನ ಹಳೆ ಪೇಟೆಯ ಚೌಕದ ಹತ್ತಿರ ಒಂದು ಎಟಿಎಂನಲ್ಲಿ ಆರು ಸಾವಿರ ಕೊರುನಾ ಕೇಳಿದೆ. ಪರದೆಯ ಮೇಲೆ ಮೊತ್ತ ರೂಪಾಯಿಯಲ್ಲಿ ಮೂಡಿತು. ಪಕ್ಕದಲ್ಲಿದ್ದ ಹೆಂಡತಿ, “ನಮ್ಮ ದುಡ್ಡಲ್ಲೇ ತೋರಿಸ್ತಿದೆ ನೋಡ್ರೀ, ಎಷ್ಟು ಒಳ್ಳೇ ಮೆಷಿನ್ನು” ಎಂದಳು. ನನಗೂ ಹಾಗೇ ಅನ್ನಿಸಿ ದೊಡ್ಡ ಹಸಿರು ಗುಂಡಿ ಒತ್ತಿದೆ. ರಾತ್ರಿ ಹೋಟೆಲಿನಲ್ಲಿ ಕೂತು ವೀಸಾ ಕಾರ್ಡ್ ಕಂಪನಿಯವರ ದರಕ್ಕೆ ಹೋಲಿಸಿ ನೋಡಿದರೆ ನೂರಕ್ಕೆ ಹತ್ತಕ್ಕೂ ಮಿಕ್ಕಿ ಹೋಗಿತ್ತು. ಊರಿನ ದುಡ್ಡಿನಲ್ಲಿ ಲೆಕ್ಕ ತೋರಿಸುವ ಈ ಉಪಕಾರದಲ್ಲಿ ದರ ಕಟ್ಟುವುದು ನಮ್ಮ ಬ್ಯಾಂಕೂ ಅಲ್ಲ, ವೀಸಾ ಮಾಸ್ಟರ್‌ಕಾರ್ಡ್‌ಗಳೂ ಅಲ್ಲ. ಆ ಮೆಷಿನ್ನಿನ ಒಡೆಯ. ತನಗೆ ತೋಚಿದ್ದನ್ನು ಕಟ್ಟುತ್ತಾನೆ. ಅದರ ಮೇಲೆ ನಮ್ಮ ಕೆಲವು ಬ್ಯಾಂಕುಗಳು, ರೂಪಾಯಿಯಲ್ಲಾದರೇನು ವ್ಯವಹಾರ ಹೊರದೇಶದ್ದೇ ತಾನೆ ಎಂದು ತಮ್ಮ ಶುಲ್ಕವನ್ನೂ ಹಾಕುತ್ತವೆ. ಪರಿವರ್ತನೆ ಬೇಡ ಎನ್ನುವ ಗುಂಡಿ ಮೂಲೆಯಲ್ಲಿ ಸಣ್ಣಗೆ ಇದ್ದೇ ಇರುತ್ತದೆ. ಅಂಗಡಿಯ ಸ್ವೈಪ್ ಮೆಷಿನ್ನಿನಲ್ಲೂ ಇದೇ ಪ್ರಶ್ನೆ ಬರುತ್ತದೆ. ಕೊರುನಾದ ನಾಡಿನಲ್ಲಿ ಕೊರುನಾ, ಯೆನ್ನಿನ ನಾಡಿನಲ್ಲಿ ಯೆನ್. ಅಧಿಕಾರಿಗಳು ಹೇಳಿದ ಮೂರೂವರೆಗಿಂತ ಇದು ದೊಡ್ಡ ಗಾಯ, ಬೇಡ ಎನ್ನಲು ಒಂದು ಬೆರಳು ಸಾಕು.

ಎರಡನೆಯವರು ಮೈಸೂರಿನ ವಕೀಲರು. ಕಾರ್ಡು ಕದ್ದರೆ ಖಾತೆಯೇ ಗುಡಿಸಿಹೋಗುತ್ತದೆ ಎಂಬುದು ಅವರ ವಾದ. ಸಾಕ್ಷಿಗೆ ಪುಣೆಯ ಕಾಸ್ಮೋಸ್ ಬ್ಯಾಂಕನ್ನು ಕಟಕಟೆಗೆ ಕರೆದಿದ್ದಾರೆ. ಒಳ್ಳೆಯ ಸಾಕ್ಷಿ, ಆದರೆ ಹೇಳಿಕೆ ನನ್ನ ಕಡೆಗಿದೆ. 2018ರ ಆಗಸ್ಟಿನಲ್ಲಿ ಆ ಬ್ಯಾಂಕಿನಿಂದ ಹೋದದ್ದು 94 ಕೋಟಿ. ಅದರಲ್ಲಿ 78 ಕೋಟಿಯನ್ನು 28 ದೇಶಗಳ ಎಟಿಎಂಗಳಲ್ಲಿ ನಕಲಿ ಕಾರ್ಡುಗಳಿಂದ ಎಳೆದರು. ಆ ನಂಬರುಗಳ ಅಸಲಿ ಕಾರ್ಡುದಾರರು ಪ್ರವಾಸ ಹೋದವರಲ್ಲ. ಎಟಿಎಂ ಕೇಳಿದಾಗ ‘ಕೊಡು’ ಅಥವಾ ‘ಬೇಡ’ ಎನ್ನುವ ಬ್ಯಾಂಕಿನ ವ್ಯವಸ್ಥೆಯೊಳಗೇ ಕಳ್ಳರು ಸೇರಿಕೊಂಡು, ಎಲ್ಲದಕ್ಕೂ ‘ಕೊಡು’ ಎಂದು ತಾವೇ ಉತ್ತರಿಸಿದರು. ಗ್ರಾಹಕರ ಖಾತೆಗಳಿಗೆ ಧಕ್ಕೆಯಾಗಿಲ್ಲ ಎಂದು ಬ್ಯಾಂಕೇ ಹೇಳಿತು. ಅದಕ್ಕೂ ಎರಡು ವರ್ಷ ಹಿಂದೆ, 2016ರ ಅಕ್ಟೋಬರಿನಲ್ಲಿ, ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಗುಟ್ಟು ಸೋರಿರಬಹುದೆಂದು ಬ್ಯಾಂಕುಗಳು ಕಾರ್ಡು ಬದಲಿಸಿ, ಪಿನ್ ಬದಲಿಸಿ ಎಂದು ಓಡಾಡಿದವು. ಆಗ ಬಂದ ದೂರೇನು? ಕಾರ್ಡು ಇಲ್ಲೇ ಇದೆ, ದುಡ್ಡು ಚೀನಾದಲ್ಲೋ ಅಮೆರಿಕದಲ್ಲೋ ಹೋಗಿದೆ ಎಂದು.

ಅಂದರೆ ಬೀರುವಿನ ಬೀಗ ಯಾರನ್ನೂ ಕಾಯಲಿಲ್ಲ. ಜೀವಮಾನದಲ್ಲಿ ವಿಮಾನ ಹತ್ತದವರ ಕಾರ್ಡಿಗೂ ಹೊರದೇಶದ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡಿದ್ದದ್ದೇ ಗಂಡಾಂತರ. ಆ ಬಾಗಿಲನ್ನು ಮುಚ್ಚಿಸಿದ್ದು 2020ರ ಜನವರಿಯ ರಿಸರ್ವ್ ಬ್ಯಾಂಕ್ ಸುತ್ತೋಲೆ. ಆ ವರ್ಷದ ಅಕ್ಟೋಬರ್ 1ರಿಂದ, ಹೊಸದಾಗಿ ಕೊಡುವ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಷ್ಟೇ ನಡೆಯುತ್ತದೆ. ಹೊರದೇಶದ ಬಳಕೆ ಬೇಕಾದರೆ ನಾವೇ ಮೊಬೈಲಿನಲ್ಲಿ ಆನ್ ಮಾಡಬೇಕು, ಮಿತಿಯನ್ನೂ ನಾವೇ ಇಡಬಹುದು, ನಡುರಾತ್ರಿಯಾದರೂ ಆಫ್ ಮಾಡಬಹುದು. ದುಡ್ಡು ತೆಗೆದು ಮೆಷಿನ್ನಿನಿಂದ ನಾಲ್ಕು ಹೆಜ್ಜೆ ಈಚೆ ಬರುತ್ತಲೇ ನಾನು ಆಫ್ ಮಾಡುತ್ತೇನೆ. ಆನ್‌ಲೈನ್ ಖರೀದಿಯದನ್ನಂತೂ ಆನ್ ಮಾಡುವುದೇ ಇಲ್ಲ, ಏಕೆಂದರೆ ಹೊರದೇಶದ ಎಷ್ಟೋ ಜಾಲತಾಣಗಳು ಒಟಿಪಿ ಕೇಳದೆಯೇ ದುಡ್ಡು ಕಿತ್ತುಕೊಳ್ಳುತ್ತವೆ.

ವಕೀಲರಿಗೆ ಕಾನೂನನ್ನೂ ನೆನಪಿಸಲೇ? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ದುಡ್ಡು ಹೊಡೆದರೆ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗಾದರೆ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ ಹತ್ತು ಸಾವಿರ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಮೊತ್ತವನ್ನು ಖಾತೆಗೆ ಹಾಕಬೇಕು, ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಭಾರವೂ ಅದರದ್ದೇ. ಪಿನ್ ನಂಬರನ್ನು ಕಾರ್ಡಿನ ಲಕೋಟೆಯ ಮೇಲೆ ಬರೆದಿಟ್ಟವರು ಮಾತ್ರ ಈ ಕೊಡೆಯ ಕೆಳಗೆ ಬರುವುದಿಲ್ಲ. ಬ್ಯಾಂಕು ಸುಮ್ಮನೆ ಕೊಟ್ಟುಬಿಡುತ್ತದೆಯೇ ಎಂದು ಕೇಳಿದರೆ, ಇಲ್ಲ, ಓಡಾಡಿಸಬಹುದು. ಮೂವತ್ತು ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಾಗಿಲು ತಟ್ಟಬೇಕಾಗಬಹುದು. ಕಳೆದುಹೋದ ಡಾಲರ್ ನೋಟಿಗೆ ತಟ್ಟುವುದಕ್ಕೆ ಆ ಬಾಗಿಲೂ ಇಲ್ಲ.

ಟ್ರಾವೆಲ್ಸ್ ನಡೆಸುವ ಗೆಳೆಯ, ಹೊರದೇಶದ ದುಡ್ಡನ್ನು ಮೊದಲೇ ತುಂಬಿಸಿಡುವ ಫಾರೆಕ್ಸ್ ಕಾರ್ಡಿನ ಪರ. ಮಗಳು ಎರಡು ವರ್ಷ ಅಮೆರಿಕದಲ್ಲಿ ಓದುತ್ತಾಳೆ ಎನ್ನುವವರಿಗೆ ಅದು ಒಳ್ಳೆಯದೇ. ಒಂದೇ ಕರೆನ್ಸಿ, ದರ ಮೊದಲೇ ಗಟ್ಟಿ. ಆದರೆ ‘ಯುರೋಪ್ ಟೂರ್’ ಎಂದ ಮಾತ್ರಕ್ಕೆ ಯೂರೋ ತುಂಬಿಸಿ ಕಳಿಸುತ್ತಾನಲ್ಲ, ಜ್ಯೂರಿಕ್‌ನಲ್ಲಿರುವುದು ಫ್ರಾಂಕ್, ಬುಡಾಪೆಸ್ಟಿನಲ್ಲಿ ಫೋರಿಂಟ್. ಕಾರ್ಡಿನಲ್ಲಿಲ್ಲದ ಕರೆನ್ಸಿಯಲ್ಲಿ ಉಜ್ಜಿದಾಗ ಬೀಳುವ ಶುಲ್ಕ, ಉಳಿದ ದುಡ್ಡನ್ನು ಮತ್ತೆ ರೂಪಾಯಿಗಿಳಿಸುವಾಗಿನ ದರ, ಇವೆರಡನ್ನೂ ಗೆಳೆಯನ ಚಂದದ ಬಣ್ಣದ ಪತ್ರಿಕೆಯಲ್ಲಿ ಹುಡುಕಿದೆ. ಸಿಗಲಿಲ್ಲ.

“ಯುಪಿಐ ಇರುವಾಗ ಕಾರ್ಡು ಯಾಕೆ ಅಂಕಲ್?” ಎಂದು ಒಬ್ಬ ಹುಡುಗ ಕೇಳಿದ್ದಾನೆ. ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್, ಯುಎಇಗಳಲ್ಲಿ ಅಲ್ಲಲ್ಲಿ ನಡೆಯುತ್ತದಪ್ಪ. 2024ರ ಫೆಬ್ರವರಿಯಿಂದ ಐಫೆಲ್ ಗೋಪುರದ ಟಿಕೆಟ್ಟಿಗೂ ಬಂದಿದೆ. ಗೋಪುರ ಹತ್ತಿ ಇಳಿದ ಮೇಲೆ ಹಸಿವಾಗುತ್ತದಲ್ಲ, ಆಗ?

ಆಡಿಟರ್ ಒಬ್ಬರು, ಡೆಬಿಟ್ ಕಾರ್ಡು ಉಜ್ಜಿದರೆ ಇಪ್ಪತ್ತು ಪರ್ಸೆಂಟ್ ಟಿಸಿಎಸ್, ಅಂದರೆ ಮೊದಲೇ ಹಿಡಿಯುವ ತೆರಿಗೆ, ಎಂದು ಹೆದರಿಸಿದ್ದಾರೆ. ಅದು ಬೀಳುವುದು ಒಂದು ಮಿತಿ ದಾಟಿದರೆ ಮಾತ್ರ; ಆ ಮಿತಿ ವರ್ಷಕ್ಕೆ 7 ಲಕ್ಷವಿತ್ತು, 2025ರ ಏಪ್ರಿಲಿನಿಂದ 10 ಲಕ್ಷ. ಅದನ್ನು ದಾಟಿದವರಿಗೂ ಕಟ್ಟಿದ್ದು ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. ಫಾರೆಕ್ಸ್ ಕಾರ್ಡೇನೂ ಇದರಿಂದ ಪಾರಲ್ಲ. ಆಡಿಟರಿಗೆ ಇದು ಗೊತ್ತಿರಬೇಕಿತ್ತು.

ನಾನು ಪೂರ್ತಿ ಸೋತದ್ದು ಹುಬ್ಬಳ್ಳಿಯ ದಂಪತಿಗೆ. ಹೋಟೆಲಿನವರು ಠೇವಣಿಯೆಂದು ಅವರ ಡೆಬಿಟ್ ಕಾರ್ಡಿನಲ್ಲಿ ದುಡ್ಡು ಹಿಡಿದಿಟ್ಟರು. ಕೋಣೆ ಬಿಟ್ಟ ಮೇಲೂ ಅದು ಬಿಡುಗಡೆಯಾಗಲು ಎರಡು ವಾರ ಹಿಡಿಯಿತು. ಕ್ರೆಡಿಟ್ ಕಾರ್ಡಿನಲ್ಲಿ ಹೀಗೆ ಹಿಡಿದರೆ ಸಾಲದ ಮಿತಿ ತುಸು ಕುಗ್ಗುತ್ತದೆ, ಅಷ್ಟೆ. ಡೆಬಿಟ್ ಕಾರ್ಡಿನಲ್ಲಿ ನಮ್ಮದೇ ಊಟದ ದುಡ್ಡು ಸೆರೆಯಾಗುತ್ತದೆ. ಹೋಟೆಲಿಗೆ, ಬಾಡಿಗೆ ಕಾರಿಗೆ, ಅಮೆರಿಕದ ಪೆಟ್ರೋಲ್ ಬಂಕಿಗೆ ಡೆಬಿಟ್ ಕಾರ್ಡು ಬೇಡ. ಇದನ್ನು ಮೊದಲೇ ಬರೆಯದ್ದು ನನ್ನ ತಪ್ಪು.

ಕೊನೆಯದು ಶಿವಮೊಗ್ಗದ ಹಿರಿಯರ ಪತ್ರ. ಮಗಳ ಬಾಣಂತನಕ್ಕೆ ಗಂಡ ಹೆಂಡಿರು ಆರು ತಿಂಗಳು ಡಲ್ಲಾಸ್‌ಗೆ ಹೊರಟಿದ್ದಾರೆ. “ಅಳಿಯಂದಿರು ಅಲ್ಲಿನ ಸಿಮ್ ಕೊಡಿಸ್ತಾರಂತೆ, ನಮ್ಮದನ್ನು ತೆಗೆದಿಡಬೇಕಂತೆ. ಬ್ಯಾಂಕಿನ ಮೆಸೇಜೇ ಬರದಿದ್ದರೆ ನಿಮ್ಮ ಮೂರು ದಿನದ ಕಾನೂನು ಕಟ್ಟಿಕೊಂಡು ಏನು ಮಾಡಲಿ?” ಎಂದು ಕೇಳಿದ್ದಾರೆ. ಎಲ್ಲ ಪತ್ರಗಳಲ್ಲಿ ಇದೇ ಹರಿತವಾದ ಪ್ರಶ್ನೆ. ರಾಯರೇ, ಸಿಮ್ ತೆಗೆಯಬೇಡಿ. ಫೋನಿನ ಎರಡನೇ ಜಾಗದಲ್ಲಿರಲಿ, ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಅದರ ಡೇಟಾ ಮಾತ್ರ ಆಫ್ ಮಾಡಿ, ರೀಚಾರ್ಜ್ ಮುಗಿಯಲು ಬಿಡಬೇಡಿ. ಬ್ಯಾಂಕಿನಲ್ಲಿ ಇಮೇಲ್ ವಿಳಾಸವನ್ನೂ ಬರೆಸಿ. ಕಾರ್ಡಿನ ಹಿಂದಿರುವ 1800 ನಂಬರನ್ನು ಡಲ್ಲಾಸಿನಿಂದ ನಂಬಿಕೊಳ್ಳಬೇಡಿ. ಪ್ಲಸ್ 91ರಿಂದ ಶುರುವಾಗುವ ಇನ್ನೊಂದು ನಂಬರು ಬ್ಯಾಂಕಿನವರ ಹತ್ತಿರ ಇರುತ್ತದೆ, ಅದನ್ನು ಕಾಗದದ ಮೇಲೆ ಬರೆದು ಅಮ್ಮನವರ ಪರ್ಸಿನಲ್ಲಿಡಿ. ಅಲ್ಲಿನ ಎಟಿಎಂ ‘ಚೆಕಿಂಗ್ ಖಾತೆಯೋ ಸೇವಿಂಗ್ಸೋ’ ಎಂದು ಕೇಳಿದರೆ ಗಾಬರಿ ಬೇಡ, ಒಂದು ಒಪ್ಪದಿದ್ದರೆ ಇನ್ನೊಂದನ್ನು ಒತ್ತಿ.