ಹದಿನಾಲ್ಕರಲ್ಲೊಂದು ಲಾರಿ

ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ರಸ್ತೆಯ ತಿರುವು ಬರೆದಿದೆ. ತಿರುವಿನ ಒಳಮೂಲೆಯಲ್ಲಿ 12 ಸೆಂ.ಮೀ. ಎತ್ತರದ ರಟ್ಟಿನ ಬೊಂಬೆಯೊಂದು ನಿಂತಿದೆ. ಆಚೆ ತುದಿಯಿಂದ ಮಾದರಿ ಲಾರಿಯೊಂದು ಬರುತ್ತಿದೆ. ಮುಂದೆ ಚಾಲಕನ ಕೋಣೆ ಇರುವ ಮುಂಗಾಡಿ, ಅದರ ಬೆನ್ನಿಗೆ ಕೊಕ್ಕೆ ಹಾಕಿದ ಉದ್ದನೆಯ ಟ್ರೇಲರ್. ರೇಡಿಯೊ ನಿಯಂತ್ರಕವನ್ನು ಹಿಡಿದ ಹುಡುಗ ಉಸಿರು ಬಿಗಿಹಿಡಿದು ಲಾರಿಯನ್ನು ಎಡಕ್ಕೆ ಹೊರಳಿಸುತ್ತಾನೆ. ಮುಂಗಾಡಿ ಬೊಂಬೆಯಿಂದ ಅಂಗೈ ಅಗಲದಷ್ಟು ದೂರದಲ್ಲಿ ಹಾದುಹೋಗುತ್ತದೆ. ಸದ್ಯ, ಪಾರಾಯಿತು ಎನ್ನುವಷ್ಟರಲ್ಲಿ ಟ್ರೇಲರಿನ ಹಿಂದಿನ ಚಕ್ರ ಬಂದು ಬೊಂಬೆಯನ್ನು ಕೆಡವಿ ಅದರ ಮೇಲೆಯೇ ಹರಿದು ಹೋಗುತ್ತದೆ.

ಹುಡುಗ ಯಾವ ತಪ್ಪನ್ನೂ ಮಾಡಲಿಲ್ಲ. ಲಾರಿಯೂ ಕೆಟ್ಟಿರಲಿಲ್ಲ. ಹೆದ್ದಾರಿಯ ನಿಜವಾದ ಲಾರಿ ಹೇಗೆ ತಿರುಗುತ್ತದೋ ಈ ಪುಟ್ಟ ಲಾರಿಯೂ ಹಾಗೆಯೇ ತಿರುಗಿತು. ಹಾಗಾದರೆ ಇದು ಆಟಿಕೆಯೋ, ಪಾಠದ ಉಪಕರಣವೋ? 'ಓದುವ ವಯಸ್ಸಿನಲ್ಲಿ ಇದೆಲ್ಲ ಯಾಕೆ?' ಎಂದು ಕೇಳುವ ಅಪ್ಪ ಅಮ್ಮಂದಿರು ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಲಾರಿಯ ಹೊಟ್ಟೆಯೊಳಗೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಮಾದರಿ ವಾಹನಗಳ ಲೋಕದಲ್ಲಿ ಜಪಾನಿನ ಶಿಜುವೊಕಾ ನಗರಕ್ಕೆ ದೊಡ್ಡ ಹೆಸರು. ಅಲ್ಲಿನ ತಾಮಿಯಾ ಕಂಪೆನಿ 1946ರಲ್ಲಿ ಆರಂಭವಾದದ್ದು ಮರದ ವ್ಯಾಪಾರದಿಂದ. ಆಮೇಲೆ ಮರದ ಮಾದರಿಗಳು, 1960ರಿಂದ ಪ್ಲಾಸ್ಟಿಕ್ ಮಾದರಿಗಳು, 1976ರಲ್ಲಿ ರೇಡಿಯೊ ನಿಯಂತ್ರಣದ ಪೋರ್ಷೆ ಕಾರು, ಹೀಗೆ ಬೆಳೆಯಿತು. 1993ರಲ್ಲಿ 'ಕಿಂಗ್ ಹಾಲರ್' ಎಂಬ ಉದ್ದ ಮೂತಿಯ ಅಮೆರಿಕನ್ ಶೈಲಿಯ ಲಾರಿಯ ಕಿಟ್ ಹೊರಬಂತು. ಅದರ ಅಳತೆ 1:14, ಅಂದರೆ ನಿಜ ಲಾರಿಯ 14 ಸೆಂ.ಮೀ. ಇಲ್ಲಿ 1 ಸೆಂ.ಮೀ. ಮುಂದೆ ಸ್ಕಾನಿಯಾ, ವೋಲ್ವೊ, ಮರ್ಸಿಡಿಸ್ ಲಾರಿಗಳ ಮಾದರಿಗಳೂ ಬಂದವು. ಜರ್ಮನಿಯ ಡಾರ್ಟ್ಮುಂಡ್ ನಗರದ ಮಾದರಿ ಮೇಳದಲ್ಲಿ ಇಂಥ ಲಾರಿಗಳಿಗೆಂದೇ ಪುಟಾಣಿ ರಸ್ತೆ, ಸರಕು ಅಂಗಳಗಳನ್ನು ಹಾಸಿಡುತ್ತಾರೆ. ಅಲ್ಲಿ ಯಾರೂ ಪಂದ್ಯ ಓಡಿಸುವುದಿಲ್ಲ. ಸರಕು ತುಂಬುವುದು, ಇಳಿಸುವುದು, ಹಿಂದಕ್ಕೆ ನಡೆಸಿ ಕಟ್ಟೆಗೆ ಸೇರಿಸುವುದು, ಇದೇ ಆಟ.

ಕಿಟ್ ಎಂದರೆ ಸಿದ್ಧ ಲಾರಿಯಲ್ಲ. ಪೆಟ್ಟಿಗೆ ತೆರೆದರೆ ಸಿಗುವುದು ಬಿಡಿಭಾಗಗಳು, ತಿರುಪುಗಳು ಮತ್ತು ಒಂದು ದಪ್ಪ ಕೈಪಿಡಿ. ಏಣಿಯಂತೆ ಜೋಡಿಸುವ ಎರಡು ಅಲ್ಯೂಮಿನಿಯಂ ತೊಲೆಗಳೇ ಲಾರಿಯ ಬೆನ್ನೆಲುಬು. ಚಕ್ರಗಳಿಗೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಮೋಟಾರಿನ ಮುಂದೆ ಮೂರು ಗೇರುಗಳ ಪೆಟ್ಟಿಗೆ. ನಿಯಂತ್ರಕದ ಕಡ್ಡಿ ಸರಿಸಿದಾಗ ಸರ್ವೊ ಎಂಬ ಪುಟ್ಟ ಯಂತ್ರ ಗೇರಿನ ಸನ್ನೆಯನ್ನು ಎಳೆಯುತ್ತದೆ. ಅಲ್ಲಿಂದ ತಿರುಗುವ ದಂಡ, ಹಿಂಬದಿಯ ಅಚ್ಚು, ಅದರೊಳಗೆ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಹಂಚಿಕೊಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ಪುಸ್ತಕದಲ್ಲಿ ಇದರ ಚಿತ್ರವನ್ನು ಹತ್ತು ಸಲ ನೋಡಿದರೂ ಅರ್ಥವಾಗದವರಿಗೆ, ಅಂಗೈಯಲ್ಲಿ ಒಮ್ಮೆ ತಿರುಗಿಸಿದರೆ ತಟ್ಟನೆ ಅರ್ಥವಾಗುತ್ತದೆ.

ಜೋಡಣೆ ಮುಗಿದ ಮೇಲೆ ನಿಜವಾದ ಕೆಲಸ ಶುರು. ಕೈಪಿಡಿಯಲ್ಲಿ ಇದ್ದಂತೆಯೇ ಇಟ್ಟುಕೊಳ್ಳುವವರು ಕಡಿಮೆ. ಒಬ್ಬರು ತೊಲೆಯನ್ನು ಉದ್ದಮಾಡಿ ಇನ್ನೊಂದು ಅಚ್ಚು ಸೇರಿಸುತ್ತಾರೆ. ಇನ್ನೊಬ್ಬರು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಚಾಲಕ ಮಲಗುವ ಕೋಣೆ ಕಟ್ಟುತ್ತಾರೆ. ಮತ್ತೊಬ್ಬರು ಬಣ್ಣದಲ್ಲೇ ತುಕ್ಕು, ಕೆಸರು, ಹೊಗೆಯ ಕಲೆಗಳನ್ನು ಮೂಡಿಸುತ್ತಾರೆ. ಹಿಂಬದಿಗೆ ಕೆಂಪು ಎಲ್‌ಇಡಿ ದೀಪ ಹಾಕಬೇಕೆ? ಬ್ಯಾಟರಿ 7.2 ವೋಲ್ಟ್, ದೀಪಕ್ಕೆ ಬೇಕಾದದ್ದು ಸುಮಾರು 2 ವೋಲ್ಟ್, ಹರಿಯಬೇಕಾದ ವಿದ್ಯುತ್ತು 0.02 ಆಂಪಿಯರ್. ಉಳಿದ 5.2 ವೋಲ್ಟನ್ನು 0.02ರಿಂದ ಭಾಗಿಸಿದರೆ 260 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 270 ಓಮಿನ ರೆಸಿಸ್ಟರ್, ಅದೇ ಸಾಕು. ಓಮನ ನಿಯಮ ಬಾಯಿಪಾಠ ಮಾಡಿದ ಹುಡುಗಿಗೆ ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಲೆಕ್ಕ ತಪ್ಪಿದರೆ ದೀಪ ಸುಟ್ಟು ಹೋಗುತ್ತದೆ, ಅಷ್ಟೆ.

ಈಗ ಅಳತೆಯ ವಿಚಾರಕ್ಕೆ ಬರೋಣ. 40 ಅಡಿಯ ಕಂಟೇನರ್ ಜಗತ್ತಿನೆಲ್ಲೆಡೆ ಒಂದೇ ಉದ್ದ. ಪಣಂಬೂರಿನ ಬಂದರಿನಲ್ಲಿ ನೋಡಿದರೂ ಅಷ್ಟೇ, ಜರ್ಮನಿಯಲ್ಲಿ ನೋಡಿದರೂ ಅಷ್ಟೇ: 12.19 ಮೀಟರ್. 14ರಿಂದ ಭಾಗಿಸಿದರೆ 87 ಸೆಂ.ಮೀ. ಯುರೋಪಿನಲ್ಲಿ ಮುಂಗಾಡಿ, ಟ್ರೇಲರ್ ಸೇರಿ 16.5 ಮೀಟರ್ ಮೀರಬಾರದೆಂಬ ನಿಯಮವಿದೆ. ಮಾದರಿಯಲ್ಲಿ ಅದು 118 ಸೆಂ.ಮೀ. ಒಟ್ಟು ಉದ್ದಕ್ಕೇ ಮಿತಿ ಇರುವುದರಿಂದ ಮೂತಿಗೆ ಕೊಟ್ಟ ಪ್ರತಿ ಅಡಿಯೂ ಸರಕಿಗೆ ನಷ್ಟ. ಯುರೋಪಿನ ಲಾರಿಗಳ ಮುಖ ಚಪ್ಪಟೆಯಾಗಿರುವುದು ಮುಖ್ಯವಾಗಿ ಇದರಿಂದಲೇ.

ಉದ್ದವನ್ನು 14ರಿಂದ ಭಾಗಿಸಿದೆವು. ತೂಕವನ್ನೂ 14ರಿಂದ ಭಾಗಿಸಬಹುದೆ? 25 ಟನ್ ಸರಕನ್ನು ಹಾಗೆ ಭಾಗಿಸಿದರೆ ಸುಮಾರು 1,786 ಕಿಲೊ ಬರುತ್ತದೆ! ಮಾದರಿ ಲಾರಿ ಅಪ್ಪಚ್ಚಿಯಾದೀತು. ಗುಟ್ಟು ಇಷ್ಟೇ: ಉದ್ದ, ಅಗಲ, ಎತ್ತರ ಮೂರೂ 14 ಪಾಲು ಕುಗ್ಗುತ್ತವೆ. ಆದ್ದರಿಂದ ತೂಕ 14×14×14, ಅಂದರೆ 2,744 ಪಾಲು ಕುಗ್ಗಬೇಕು. 25 ಟನ್ ಸರಕು ಮಾದರಿಯಲ್ಲಿ ಸುಮಾರು 9.1 ಕಿಲೊ. ಆದರೆ ತೊಲೆಯ ಬಲ ಅದರ ಅಡ್ಡ ಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ಅದು ಕುಗ್ಗುವುದು 14×14, ಅಂದರೆ 196 ಪಾಲು ಮಾತ್ರ. ಹೀಗಾಗಿ ತನ್ನ ತೂಕಕ್ಕೆ ಹೋಲಿಸಿದರೆ ಪುಟ್ಟ ಲಾರಿ ದೊಡ್ಡದಕ್ಕಿಂತ 14 ಪಟ್ಟು ಗಟ್ಟಿ. ದೈತ್ಯ ಪ್ರಾಣಿಗೆ ಮೂಳೆಗಳು ಉದ್ದವಾದರೆ ಸಾಲದು, ಬಹಳ ದಪ್ಪವೂ ಆಗಬೇಕೆಂದು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ತೋರಿಸಿದ್ದು ಇದೇ ತರ್ಕದಿಂದ. ಇರುವೆಯ ಕಾಲು ಸಪೂರ, ಆನೆಯ ಕಾಲು ಕಂಬ!

ಇನ್ನು ವೇಗ. ಗಂಟೆಗೆ 80 ಕಿ.ಮೀ. ಓಡುವ ಲಾರಿಯನ್ನು ಅಳತೆಗೆ ತಕ್ಕಂತೆ ಓಡಿಸಬೇಕಾದರೆ ಗಂಟೆಗೆ 5.7 ಕಿ.ಮೀ., ಅಂದರೆ ಮನುಷ್ಯನ ಬಿರುಸು ನಡಿಗೆ. ಮಾದರಿ ಲಾರಿ ಮೆಲ್ಲಗೆ ಓಡಿದಾಗಲೇ ಚೆನ್ನಾಗಿ ಕಾಣುವುದು ಇದಕ್ಕೇ. ಆದರೂ ಒಂದು ತೊಡಕು ಉಳಿಯುತ್ತದೆ. ಹಳ್ಳಕ್ಕೆ ಇಳಿದ ದೊಡ್ಡ ಲಾರಿ ಗಜಗಂಭೀರವಾಗಿ ತೂಗಾಡುತ್ತದೆ, ಪುಟ್ಟದು ಪಟಪಟನೆ ಕುಣಿಯುತ್ತದೆ. ಭೂಮಿಯ ಗುರುತ್ವಾಕರ್ಷಣೆಗೆ 1:14 ಎಂಬ ಅಳತೆ ಇಲ್ಲವಲ್ಲ! ತೂಗಾಟದ ಕಾಲ ಕುಗ್ಗುವುದು 14ರ ವರ್ಗಮೂಲದಷ್ಟು, ಅಂದರೆ 3.74 ಪಾಲು. ದೊಡ್ಡದು ಒಂದು ಸೆಕೆಂಡಿನಲ್ಲಿ ಒಮ್ಮೆ ತೂಗಿದರೆ ಪುಟ್ಟದು ಅಷ್ಟರಲ್ಲಿ ಸುಮಾರು ನಾಲ್ಕು ಸಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ನೀರಿನ ತೊಟ್ಟಿಯಲ್ಲಿ ಮಾದರಿ ಹಡಗುಗಳನ್ನು ಎಳೆದು ಪರೀಕ್ಷಿಸಿದಾಗ ಬಳಸಿದ್ದೂ ಇದೇ ವರ್ಗಮೂಲದ ಲೆಕ್ಕ. ಪುಟ್ಟ ಮಾದರಿಗಳನ್ನು ದೊಡ್ಡವೆಂದು ನಂಬಿಸಲು ಸಿನಿಮಾದವರು ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆರೆಯ ಮೇಲೆ ನಿಧಾನವಾಗಿ ತೋರಿಸುತ್ತಿದ್ದುದೂ ಇದಕ್ಕೇ. ಮಾದರಿ ಕಟ್ಟುವವರಿಗೆ ಆ ಸೌಕರ್ಯವಿಲ್ಲ. ಅವರು ಸ್ಪ್ರಿಂಗಿನ ಒಂದೆರಡು ಪಟ್ಟಿ ಕಳಚಿ ಮೆದುಮಾಡುತ್ತಾರೆ, ಭಾರವನ್ನು ಆದಷ್ಟು ತಳಕ್ಕೆ ಇಡುತ್ತಾರೆ, ಮತ್ತೆ ಓಡಿಸಿ ನೋಡುತ್ತಾರೆ.

ಹೀಗೆ ತೂಕ ಒಂದು ಬಗೆಯಲ್ಲಿ ಕುಗ್ಗಿತು, ಬಲ ಇನ್ನೊಂದು ಬಗೆಯಲ್ಲಿ, ಕಾಲ ಮತ್ತೊಂದು ಬಗೆಯಲ್ಲಿ. ಗಾತ್ರ ಏನೇ ಆದರೂ ಬದಲಾಗದೆ ಉಳಿಯುವುದು ಯಾವುದು? ರೇಖಾಗಣಿತ. ಆರಂಭದ ರಟ್ಟಿನ ಬೊಂಬೆಯ ಕಡೆಗೆ ಈಗ ಹಿಂದಿರುಗಬಹುದು.

ಮುಂಗಾಡಿಗೂ ಟ್ರೇಲರಿಗೂ ನಡುವೆ ಇರುವ ಕೊಕ್ಕೆ 14 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗುತ್ತಿದೆ ಎನ್ನೋಣ. ಕೊಕ್ಕೆಯಿಂದ ಟ್ರೇಲರಿನ ಚಕ್ರಗಳಿಗೆ 8 ಮೀಟರ್. ವೃತ್ತದ ಕೇಂದ್ರ, ಕೊಕ್ಕೆ, ಟ್ರೇಲರಿನ ಅಚ್ಚು, ಈ ಮೂರನ್ನೂ ಸೇರಿಸಿದರೆ ಲಂಬಕೋನ ತ್ರಿಭುಜ. ಪೈಥಾಗೊರಸನ ಪ್ರಮೇಯ ಹಾಕಿ: 14ರ ವರ್ಗ 196, ಅದರಲ್ಲಿ 8ರ ವರ್ಗ 64 ಕಳೆದರೆ 132. ಅದರ ವರ್ಗಮೂಲ ಸುಮಾರು 11.5. ಅಂದರೆ ಟ್ರೇಲರಿನ ಚಕ್ರಗಳು ಮುಂಗಾಡಿಯ ದಾರಿಯಿಂದ ಎರಡೂವರೆ ಮೀಟರ್ ಒಳಗೆ ಸಾಗುತ್ತವೆ. ಇದು ಹೆಚ್ಚುಕಡಿಮೆ ಲಾರಿಯ ಪೂರ್ತಿ ಅಗಲ! ಪೂರ್ತಿ ವೃತ್ತ ಸುತ್ತಿದರೆ ಈ ಲೆಕ್ಕ. ಊರಿನ ಸಾಮಾನ್ಯ ತಿರುವಿನಲ್ಲಿ ಇದಕ್ಕಿಂತ ಕೊಂಚ ಕಡಿಮೆ. ಮಾದರಿಯಲ್ಲಿ ಎಲ್ಲವನ್ನೂ 14ರಿಂದ ಭಾಗಿಸಿ: ತ್ರಿಜ್ಯ 1 ಮೀಟರ್, ಒಳಸರಿತ 18 ಸೆಂ.ಮೀ. ಬೊಂಬೆ ಬೀಳದೆ ಇನ್ನೇನಾದೀತು?

ಆ ಬೊಂಬೆಯ 12 ಸೆಂ.ಮೀ. ಎತ್ತರವನ್ನು 14ರಿಂದ ಗುಣಿಸಿದರೆ 168 ಸೆಂ.ಮೀ. ಅದು ಒಬ್ಬ ಮನುಷ್ಯನ ಎತ್ತರ. ಸೈಕಲ್ ಹಿಡಿದು ತಿರುವಿನಲ್ಲಿ ನಿಂತ ವಿದ್ಯಾರ್ಥಿ ಇರಬಹುದು, ಸ್ಕೂಟರಿನಲ್ಲಿ ಮಗಳನ್ನು ಶಾಲೆಗೆ ಬಿಡಲು ಹೊರಟ ತಾಯಿ ಇರಬಹುದು. ಉದ್ದ ಲಾರಿಯ ಚಾಲಕ ಎಡಕ್ಕೆ ತಿರುಗುವ ಮುನ್ನ ಬಲಕ್ಕೆ ಸ್ವಲ್ಪ ವಾಲುತ್ತಾನೆ. ಟ್ರೇಲರ್ ಒಳಗೆ ಸರಿಯುತ್ತದೆಂದು ಅವನಿಗೆ ಗೊತ್ತು. ಎಡಗಡೆ ತೆರವಾದ ಜಾಗ ನೋಡಿ ದ್ವಿಚಕ್ರದವರು ನುಗ್ಗುತ್ತಾರೆ. ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. ಎಡ ಮಗ್ಗುಲಿನ ಕೆಳಭಾಗ ಅವನಿಗೆ ನೇರವಾಗಿ ಕಾಣುವುದಿಲ್ಲ. ಮುಂಗಾಡಿ ದಾಟಿತೆಂದು ನೆಮ್ಮದಿಯಿಂದ ನಿಂತವರ ಕಡೆಗೆ ಹಿಂದಿನ ಚಕ್ರ ಬರುತ್ತಿರುತ್ತದೆ. ತಿರುಗುತ್ತಿರುವ ಉದ್ದ ಲಾರಿಯ ಒಳಮಗ್ಗುಲಿಗೆ ಹೋಗಬಾರದು ಎಂಬ ಮಾತನ್ನು ಮಕ್ಕಳಿಗೆ ನೂರು ಸಲ ಹೇಳುವುದಕ್ಕಿಂತ ಒಂದು ಸಲ ಬೊಂಬೆಯನ್ನು ಕೆಡವಿ ತೋರಿಸುವುದು ಹೆಚ್ಚು ಪರಿಣಾಮಕಾರಿ.

ಲಾರಿಯನ್ನು ಹಿಂದಕ್ಕೆ ನಡೆಸುವುದು ಇನ್ನೊಂದು ಪರೀಕ್ಷೆ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಚಕ್ರವನ್ನು ಮೊದಲು ಬಲಕ್ಕೆ ತಿರುಗಿಸಬೇಕು. ಬಾಲ ಹೊರಳಲು ತೊಡಗಿದ ಕೂಡಲೇ ಚಕ್ರವನ್ನು ಮರಳಿಸಿ ಅದನ್ನು ಹಿಂಬಾಲಿಸಬೇಕು. ತಡವಾದರೆ ಮುಂಗಾಡಿ, ಟ್ರೇಲರ್ ಎರಡೂ ಮಡಚುವ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಮೊದಲ ದಿನ ಹತ್ತಕ್ಕೆ ಒಂಬತ್ತು ಸಲ ಹೀಗಾಗುತ್ತದೆ. ನಿಧಾನ ಮಾಡಿದರೂ ತಪ್ಪು ತಾನಾಗಿ ಸರಿಹೋಗುವುದಿಲ್ಲ. ನಿಲ್ಲಿಸಿ, ಮುಂದಕ್ಕೆ ಎಳೆದು ನೇರಮಾಡಿ, ಮತ್ತೆ ಶುರುಮಾಡಬೇಕು. ಇದನ್ನು ನಾಲ್ಕು ಸಂಜೆ ಅಭ್ಯಾಸ ಮಾಡಿದ ಹುಡುಗನಿಗೆ, ಇಕ್ಕಟ್ಟಿನ ಗೋದಾಮಿನೊಳಕ್ಕೆ ಒಂದೇ ಏಟಿಗೆ ಲಾರಿಯನ್ನು ಹಿಂದಕ್ಕೆ ಸೇರಿಸುವ ಚಾಲಕ ಸಾಮಾನ್ಯನಾಗಿ ಕಾಣುವುದಿಲ್ಲ. ಅಂಥವನ ಹಿಂದೆ ನಿಂತು ಹಾರ್ನ್ ಒತ್ತುವ ಅಪ್ಪನಿಗೆ ಅವನೇ 'ಸ್ವಲ್ಪ ತಾಳಿ' ಎಂದಾನು.

ಖರ್ಚಿನ ಮಾತು. ವಿದೇಶದ ಕಿಟ್‌ಗಳು ಅಗ್ಗವಲ್ಲ. ಎಲ್ಲರೂ ಕೊಳ್ಳಬೇಕೆಂದೇನೂ ಇಲ್ಲ. ಕೆಟ್ಟ ಆಟಿಕೆ ಕಾರಿನ ಮೋಟಾರು, ಪ್ಲೈವುಡ್ಡಿನ ಪಟ್ಟಿ, ಸೈಕಲ್ ಕಡ್ಡಿಯ ಅಚ್ಚು, ರಟ್ಟಿನ ಪೆಟ್ಟಿಗೆಯ ಕಂಟೇನರ್, ಇಷ್ಟರಿಂದಲೂ ಲಾರಿ ಆಗುತ್ತದೆ. ಮೋಟಾರೂ ಬೇಡ, ಮುಂಗಾಡಿಗೆ ದಾರ ಕಟ್ಟಿ ಎಳೆದರೂ ಟ್ರೇಲರ್ ಒಳಗೇ ಸರಿಯುತ್ತದೆ. ಅಳತೆ ಒಂದು ತಪ್ಪಬಾರದು. ಪುನರ್ಭರ್ತಿ ಬ್ಯಾಟರಿ ಬಳಸುವವರು, ಅದರಲ್ಲೂ ಲಿಥಿಯಂ ಆದರೆ, ಅದಕ್ಕೆ ತಕ್ಕ ಚಾರ್ಜರನ್ನೇ ಬಳಸಬೇಕು. ಊದಿಕೊಂಡ ಬ್ಯಾಟರಿಯನ್ನು ಮುಟ್ಟದೆ ದೊಡ್ಡವರಿಗೆ ತಿಳಿಸಬೇಕು. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬಾರದು.

ರಜೆಯ ಒಂದು ಸಂಜೆ ಅಂಗಳದಲ್ಲಿ ಸೀಮೆಸುಣ್ಣದ ತಿರುವು ಬರೆದು, ಬೊಂಬೆಯನ್ನು ಎಲ್ಲಿ ನಿಲ್ಲಿಸಿದರೆ ಅದು ಬೀಳುವುದಿಲ್ಲ ಎಂದು ಮಕ್ಕಳು ಮೊದಲು ಲೆಕ್ಕ ಹಾಕಿ ಗುರುತು ಮಾಡಲಿ. ಆಮೇಲೆ ಲಾರಿ ಓಡಲಿ. ನಾಳೆ ಬಸ್‌ಸ್ಟಾಪಿನ ತಿರುವಿನಲ್ಲಿ ಉದ್ದನೆಯ ಲಾರಿ ಬಂದಾಗ ಅವರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ, ಅಂಗಳದ ಆಟ ಸಾರ್ಥಕವಾದಂತೆ.